ಭರ್ಜಿ ಹಿಡಿದ ರಾವುತ: ಅಸಲಿ ಎಷ್ಟು, ಆಟ ಎಷ್ಟು?

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಬೇಗೂರು ಇದೆ. ಅದು ಊರು ಎನ್ನುವುದು ಈಗ ಮಾತಿಗಷ್ಟೇ. ಒಂದು ಕಡೆಯಿಂದ ಹೊಂಗಸಂದ್ರದ ಮನೆಗಳು, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳಿಗಾಗಿ ಎದ್ದ ಅಪಾರ್ಟ್‌ಮೆಂಟುಗಳು ಅದನ್ನು ಸುತ್ತುವರಿದಿವೆ. ನೀರಿನ ಟ್ಯಾಂಕರು, ಶಾಲೆಯ ವ್ಯಾನು, ಆಟೋಗಳ ನಡುವೆ ದಾರಿ ಮಾಡಿಕೊಂಡು ನಾಗೇಶ್ವರ ದೇವಾಲಯದ ಆವರಣಕ್ಕೆ ಬಂದರೆ ಮಾತ್ರ ಗದ್ದಲ ಒಂದಿಷ್ಟು ಹಿಂದೆ ಸರಿಯುತ್ತದೆ. ಅಲ್ಲಿರುವ ಒಂದು ಶಾಸನದ ಕಲ್ಲು ಬೆಂಗಳೂರಿಗೆ ಹುಟ್ಟಿನ ದಾಖಲೆಯಿದ್ದ ಹಾಗೆ. ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ಹೇಳುವ ಆ ಶಾಸನದಲ್ಲಿ 'ಬೆಂಗಳೂರ ಕಾಳಗ'ದ ಮಾತು ಬರುತ್ತದೆ. ಗಂಗರ ಅಧಿಕಾರಿಯಾಗಿದ್ದ ನಾಗತ್ತರನಿಗೆ ಸೇರಿದವರು ಆ ಕಾಳಗದಲ್ಲಿ ಮಡಿದರು ಎಂಬುದು ಅದರ ಸಾರ.

ಒಂದು ಮಹಾನಗರದ ಹೆಸರು ನಮಗೆ ಮೊದಲು ಸಿಗುವುದು ಒಂದು ಸಾವಿನ ಸುದ್ದಿಯಲ್ಲಿ ಎಂಬುದು ಸೋಜಿಗವೇ ಸರಿ. ಈ ಕಲ್ಲು ಇನ್ನೊಂದು ಕೆಲಸವನ್ನೂ ಮಾಡಿದೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ 'ಬೆಂದಕಾಳೂರು' ಆಯಿತು ಎಂಬ ಕತೆಯನ್ನು ಪ್ರಾಥಮಿಕ ಶಾಲೆಯಲ್ಲಿ ಕೇಳದವರಿಲ್ಲ. ವೀರಬಲ್ಲಾಳ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಈ ಹೆಸರು ಬೇಗೂರಿನ ಕಲ್ಲಿನಲ್ಲಿ ಕೂತಿತ್ತು. ಕತೆ ಸೊಗಸಾಗಿದೆ, ಆದರೆ ಲೆಕ್ಕಕ್ಕೆ ಹೊಂದುವುದಿಲ್ಲ.

ಬೇಗೂರಿನಲ್ಲೇ ದೊರೆತ ಇನ್ನೊಂದು ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ತುಂಬೆಪಾಡಿ ಎಂಬಲ್ಲಿ ನೊಳಂಬರ ವೀರಮಹೇಂದ್ರನ ಸೈನ್ಯದೊಡನೆ ಕಾದಿ ನಾಗತ್ತರ ಮಡಿದ ವಿಷಯ ಅದರಲ್ಲಿದೆ. ಆನೆ, ಕುದುರೆ, ಕಾಲಾಳು ಎಲ್ಲವೂ ಒಂದರ ಮೇಲೊಂದು ಮುಗಿಬಿದ್ದಿರುವ ಯುದ್ಧದ ಚಿತ್ರ ಅದು. ಇಂಥ ಚಿತ್ರದ ಮುಂದೆ ನಿಂತ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ನಿಜವಾಗಿಯೂ ಹೀಗೇ ಯುದ್ಧ ಮಾಡುತ್ತಿದ್ದರಾ?"

ಸುಲಭವಾದ ಪ್ರಶ್ನೆಯಲ್ಲ. ಕುದುರೆಯ ಮೇಲೆ ಕುಳಿತು ಭರ್ಜಿ ಹಿಡಿಯುವ ವಿದ್ಯೆಯ ಸುತ್ತ ಇದೇ ಪ್ರಶ್ನೆ ಇಂದು ಹಲವು ದೇಶಗಳಲ್ಲಿ ಚರ್ಚೆಯಲ್ಲಿದೆ. ಅಚ್ಚರಿಯೆಂದರೆ, ಬೆಂಗಳೂರಿನ ಹೊರವಲಯದ ಮೂರು ಹೆಸರುವಾಸಿ ಪ್ರದೇಶಗಳಾದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮತ್ತು ಪೀಣ್ಯವನ್ನು ಒಂದು ದಿನ ಸುತ್ತಿ ಬಂದರೆ ಆ ಚರ್ಚೆಯ ಬಹುಪಾಲು ಅರ್ಥವಾಗುತ್ತದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಬಂದಿರುವುದರಿಂದ ರಜಾದಿನದಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವುದು ಈಗ ಕಷ್ಟವೇನಲ್ಲ.

ಹದಿನೇಳು ಅಂತಸ್ತಿನ ಲೆಕ್ಕ

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1978ರಲ್ಲಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಇದನ್ನು ಕಟ್ಟಿತು. ಹೆಸರಿನಲ್ಲೇ ಅಗ್ರಹಾರ, ಊರು ಎಂದಿರುವ ಈ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು. ಒಳಗೆ ಕೂತವರಲ್ಲಿ ಕೆಲವರು ಕಂಪ್ಯೂಟರ್ ಆಟಗಳನ್ನೂ ಸಿದ್ಧಪಡಿಸುತ್ತಾರೆ. ಕವಚ ತೊಟ್ಟ ಯೋಧ ಕುದುರೆ ಓಡಿಸಿಕೊಂಡು ಬಂದು ಎದುರಾಳಿಯನ್ನು ಭರ್ಜಿಯಿಂದ ಉರುಳಿಸುವ ದೃಶ್ಯ ಇಂಥ ಆಟಗಳಲ್ಲಿ ಸಾಮಾನ್ಯ. ಮಕ್ಕಳು ಅದನ್ನು ಮೊಬೈಲಿನಲ್ಲಿ ದಿನವೂ ನೋಡುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಜೌಸ್ಟಿಂಗ್ ಎಂದು ಹೆಸರು.

ಎದುರುಬದುರಾಗಿ ನಾಗಾಲೋಟದಲ್ಲಿ ಬರುವ ಇಬ್ಬರು ಸವಾರರು ಉದ್ದನೆಯ ಮರದ ಭರ್ಜಿಯಿಂದ ಒಬ್ಬರನ್ನೊಬ್ಬರು ಹೊಡೆಯುವ ಈ ಪಂದ್ಯ ಯುರೋಪಿನ ಮಧ್ಯಯುಗದ್ದು. ಅದರಲ್ಲಿರುವ ಶಕ್ತಿ ಎಷ್ಟು? ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಸಾಕು. ಕುದುರೆಯ ತೂಕ 500 ಕಿಲೊ, ಕವಚ ತೊಟ್ಟ ಸವಾರನದು 100 ಕಿಲೊ ಎಂದಿಟ್ಟುಕೊಳ್ಳೋಣ. ವೇಗ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೊಮೀಟರ್. ಚಲನಶಕ್ತಿ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಉತ್ತರ 30,000 ಜೂಲ್. 60 ಕಿಲೊ ತೂಕದ ಮನುಷ್ಯ ಸುಮಾರು 50 ಮೀಟರ್ ಎತ್ತರದಿಂದ, ಅಂದರೆ ಇಲ್ಲಿನ ಹದಿನಾರು ಹದಿನೇಳು ಅಂತಸ್ತಿನ ಕಟ್ಟಡದ ತುದಿಯಿಂದ ಬಿದ್ದರೆ ನೆಲ ಮುಟ್ಟುವಾಗ ಇರುವಷ್ಟು ಶಕ್ತಿ ಅದು.

ಹಾಗಾದರೆ ಪಂದ್ಯದಲ್ಲಿ ಭಾಗವಹಿಸಿದವರೆಲ್ಲ ಸಾಯಬೇಕಿತ್ತಲ್ಲ? ಸಾಯಲಿಲ್ಲ. ಕುದುರೆಯ ಶಕ್ತಿಯಷ್ಟೂ ಭರ್ಜಿಯ ತುದಿಗೆ ಬರುವುದಿಲ್ಲ. ಸವಾರನ ತೋಳು, ಸೊಂಟ, ಜೀನು ಎಲ್ಲವೂ ಸ್ವಲ್ಪ ಸ್ವಲ್ಪ ಬಾಗಿ ಸ್ಪ್ರಿಂಗಿನಂತೆ ವರ್ತಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಭರ್ಜಿ ಮುರಿಯುತ್ತದೆ. ಮರ ಸೀಳಿ ಚೂರಾಗುವಾಗ ಒಂದಷ್ಟು ಶಕ್ತಿ ಅಲ್ಲೇ ಖರ್ಚಾಗುತ್ತದೆ, ತಾಗುವ ಬಲಕ್ಕೂ ಒಂದು ಮಿತಿ ಬೀಳುತ್ತದೆ. ಮುರಿಯುವುದೇ ಅದರ ರಕ್ಷಣೆ. 1466ರಲ್ಲಿ ಇಂಗ್ಲೆಂಡಿನ ಜಾನ್ ಟಿಪ್ಟಾಫ್ಟ್ ಬರೆದಿಟ್ಟ ಪಂದ್ಯದ ನಿಯಮಗಳಲ್ಲಿ ಮುರಿದ ಭರ್ಜಿಗೂ ಅಂಕ ಉಂಟು.

ಆದರೆ ಮುರಿದ ಚೂರೇ ಮೃತ್ಯುವಾದದ್ದೂ ಉಂಟು. 1559ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿ ಮದುವೆಯ ಸಂಭ್ರಮಕ್ಕೆಂದು ಏರ್ಪಟ್ಟ ಪಂದ್ಯದಲ್ಲಿ ತಾನೇ ಕುದುರೆ ಏರಿದ. ಎದುರಾಳಿ ಮಾಂಟ್‌ಗಾಮರಿಯ ಭರ್ಜಿ ಮುರಿದು ಅದರ ಸೀಳು ದೊರೆಯ ಕಣ್ಣಿನ ಬಳಿ ಹೊಕ್ಕಿತು. ಹತ್ತು ದಿನ ನರಳಿ ದೊರೆ ತೀರಿಕೊಂಡ. ಆಟಕ್ಕೂ ಯುದ್ಧಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ಯುರೋಪಿಗೆ ಆಗ ಗೊತ್ತಾಯಿತು.

ಮರುಹುಟ್ಟು ಪಡೆದ ಪಂದ್ಯ

ಅಳಿದುಹೋದ ಜೌಸ್ಟಿಂಗನ್ನು ಮತ್ತೆ ಬದುಕಿಸುವ ಪ್ರಯತ್ನ ಹಳೆಯದು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಶ್ರೀಮಂತನೊಬ್ಬ ಅಪಾರ ಹಣ ಸುರಿದು ಮಧ್ಯಯುಗದ ಪಂದ್ಯವನ್ನು ಏರ್ಪಡಿಸಿದ. ಜನಸಾಗರ ಸೇರಿತು, ಜೊತೆಗೆ ಜಡಿಮಳೆಯೂ ಸೇರಿತು. ಕವಚ ತೊಟ್ಟ ಯೋಧರು ಕೆಸರಿನಲ್ಲಿ ಕೊಡೆ ಹಿಡಿದು ನಿಂತ ಪ್ರಸಂಗ ನಗೆಚಿತ್ರಗಳಿಗೆ ವಸ್ತುವಾಯಿತು. ಇಟಲಿಯ ಅರೆಟ್ಸೊ ನಗರ 1931ರಲ್ಲಿ ತನ್ನ ಹಳೆಯ ಭರ್ಜಿ ಪಂದ್ಯಕ್ಕೆ ಮರುಜೀವ ಕೊಟ್ಟಿತು. ಅಲ್ಲಿ ಸವಾರರು ಮನುಷ್ಯರ ಬದಲು ಮರದ ಬೊಂಬೆಯೊಂದರ ಗುರಾಣಿಗೆ ಹೊಡೆಯುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 1962ರಲ್ಲಿ ಜೌಸ್ಟಿಂಗನ್ನೇ ತನ್ನ ರಾಜ್ಯಕ್ರೀಡೆ ಎಂದು ಘೋಷಿಸಿತು. ಅಲ್ಲಿಯೂ ಹೊಡೆದಾಟವಿಲ್ಲ. ತೂಗುಹಾಕಿದ ಉಂಗುರಗಳನ್ನು ಭರ್ಜಿಯ ತುದಿಯಲ್ಲಿ ಪೋಣಿಸಿಕೊಂಡು ಹೋಗಬೇಕು. ಅತಿ ಚಿಕ್ಕ ಉಂಗುರ ಬರೀ ಕಾಲು ಇಂಚಿನದು.

ಇವೆಲ್ಲದರ ಜೊತೆಗೆ, ನಿಜವಾಗಿ ಒಬ್ಬರಿಗೊಬ್ಬರು ಎದುರಾಗುವ ಪಂದ್ಯಗಳೂ ಈಗ ನಡೆಯುತ್ತವೆ. ಜಗಳ ಹುಟ್ಟುವುದೇ ಅಲ್ಲಿ. ಒಂದು ಬಣದವರು ಹಗುರವಾದ ಬಾಲ್ಸಾ ಮರದ ತುದಿ ಸಿಕ್ಕಿಸಿದ ಭರ್ಜಿ ಬಳಸುತ್ತಾರೆ. ಅದು ಸುಲಭವಾಗಿ ಚೂರಾಗುತ್ತದೆ, ನೋಡಲು ಚೆನ್ನ, ಅಪಾಯವೂ ಕಡಿಮೆ. ಇನ್ನೊಂದು ಬಣದವರು, "ಇದು ನಾಟಕ. ಗಟ್ಟಿ ಮರದ ಭರ್ಜಿ, ಹಳೆಯ ಮಾದರಿಯ ಕವಚ, ಹಳೆಯ ಮಾದರಿಯ ಜೀನು ಇದ್ದರೆ ಮಾತ್ರ ಅಸಲಿ" ಎನ್ನುತ್ತಾರೆ. ಎದುರಾಳಿಯನ್ನು ಕುದುರೆಯಿಂದ ಕೆಡವುವುದೇ ಗೆಲುವೆಂದು ಕೆಲವರು, ಅಚ್ಚುಕಟ್ಟಾಗಿ ಭರ್ಜಿ ಮುರಿಯುವುದು ಗೆಲುವೆಂದು ಕೆಲವರು. ಊಟದ ಟಿಕೆಟ್ಟಿನ ಜೊತೆಗೆ ತೋರಿಸುವ ಜೌಸ್ಟಿಂಗ್ ಪ್ರದರ್ಶನಗಳಲ್ಲಂತೂ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಈ ವಾದದಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ಮಧ್ಯಯುಗದ ಜೌಸ್ಟಿಂಗ್ ಕೂಡ ಯುದ್ಧದ ನಕಲೇ ಆಗಿತ್ತು. ಕುದುರೆಗಳು ಡಿಕ್ಕಿ ಹೊಡೆಯದಂತೆ ನಡುವೆ ಅಡ್ಡಗೋಡೆ ಕಟ್ಟಿದ್ದು, ಭರ್ಜಿಯ ತುದಿಯನ್ನು ಮೊಂಡು ಮಾಡಿದ್ದು, ಪಂದ್ಯಕ್ಕೆಂದೇ ಬೇರೆ ಕವಚ ಮಾಡಿಸಿದ್ದು ಎಲ್ಲವೂ ಆ ಕಾಲದವರೇ. ಹಾಗಾಗಿ ಇಂದಿನವರು ಅಸಲಿ ಎನ್ನುವಾಗ ಯಾವ ಅಸಲಿ? ಯುದ್ಧದ್ದೋ, ಆಟದ್ದೋ? ಆಟದ ಅಸಲಿಯಾದರೆ ನಿಯಮ, ಅಳತೆ, ವಸ್ತು ಸರಿಯಿದ್ದರೆ ಸಾಕು. ಯುದ್ಧದ ಅಸಲಿ ಬೇಕೆಂದರೆ ಯಾರಾದರೂ ಸಾಯಬೇಕಾಗುತ್ತದೆ.

ವೈಟ್‌ಫೀಲ್ಡಿನ ಪ್ರೇಮಕತೆ ಮತ್ತು ಹದಿಮೂರು ರೂಪಾಯಿ

ಮೆಟ್ರೊದ ನೇರಳೆ ಮಾರ್ಗ ಪೂರ್ವಕ್ಕೆ ಓಡಿ ಕಾಡುಗೋಡಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ವೈಟ್‌ಫೀಲ್ಡಿನ ಹಳೆಯ ಭಾಗಕ್ಕೆ ಹೆಚ್ಚು ದೂರವಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಬರುವುದಕ್ಕೆ ಬಹಳ ಮೊದಲು, 1882ರಲ್ಲಿ, ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೊ ಇಂಡಿಯನ್ ಸಮುದಾಯದವರ ಬೇಸಾಯದ ನೆಲೆಗಾಗಿ 3,900 ಎಕರೆ ಭೂಮಿ ಕೊಟ್ಟರು. ಆ ಸಮುದಾಯದ ಮುಖಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ವೃತ್ತಾಕಾರದಲ್ಲಿ ಮನೆಗಳನ್ನು ಜೋಡಿಸಿದ 'ಇನ್ನರ್ ಸರ್ಕಲ್' ಇಂದಿಗೂ ಆ ಕಾಲವನ್ನು ನೆನಪಿಸುತ್ತದೆ.

ಇಲ್ಲಿನ ವೇವರ್ಲಿ ಇನ್ ಎಂಬ ಹಳೆಯ ವಸತಿಗೃಹದ ಬಗ್ಗೆ ಒಂದು ಕತೆಯಿದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ತರುಣನಾಗಿದ್ದಾಗ ಅದರ ಮಾಲೀಕನ ಮಗಳನ್ನು ನೋಡಲು ಕುದುರೆಯೇರಿ ಬರುತ್ತಿದ್ದನಂತೆ. ಚರ್ಚಿಲ್ ಬೆಂಗಳೂರಿನಲ್ಲಿದ್ದದ್ದು ನಿಜ. 1896ರಲ್ಲಿ ನಾಲ್ಕನೆಯ ಹುಸ್ಸಾರ್ಸ್ ಅಶ್ವದಳದೊಡನೆ ಬಂದು ದಂಡು ಪ್ರದೇಶದಲ್ಲಿ ಬಂಗಲೆ ಹಿಡಿದಿದ್ದ, ಪೋಲೊ ಆಡುತ್ತಿದ್ದ. ಆದರೆ ಪ್ರೇಮದ ಕತೆ ಬಾಯಿಂದ ಬಾಯಿಗೆ ಬಂದದ್ದು. ಅವನ ಬಗ್ಗೆ ಕಾಗದದ ಮೇಲಿರುವ ಸಾಕ್ಷಿ ಬೇರೆಯೇ. ಈಗಿನ ಬೆಂಗಳೂರು ಕ್ಲಬ್ಬಿನ 1899ರ ದಾಖಲೆ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯೊಂದಿದೆ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ. ಪ್ರೇಮಕತೆಗೆ ಊರವರ ಮಾತು, ಸಾಲಕ್ಕೆ ಮಸಿಯ ಬರಹ. ಚರಿತ್ರೆ ಓದುವ ಮಕ್ಕಳು ಈ ಎರಡರ ವ್ಯತ್ಯಾಸವನ್ನು ಗಮನಿಸಬೇಕು.

ಭರ್ಜಿಯ ಕತೆಗೂ ಚರ್ಚಿಲ್‌ಗೂ ನಂಟಿದೆ. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಮ್‌ಡುರ್ಮಾನ್‌ನಲ್ಲಿ 21ನೆಯ ಲ್ಯಾನ್ಸರ್ಸ್ ದಳದ ಸುಮಾರು 400 ಸವಾರರು ಶತ್ರುವಿನ ಮೇಲೆ ನುಗ್ಗಿದಾಗ ಅವನೂ ಜೊತೆಗಿದ್ದ. ಸುತ್ತಲಿನವರ ಕೈಯಲ್ಲಿ ಭರ್ಜಿ, ಇವನ ಕೈಯಲ್ಲಿ ಪಿಸ್ತೂಲು. ಎರಡು ವರ್ಷ ಹಿಂದೆ ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ಭುಜದ ಕೀಲು ತಪ್ಪಿದ್ದರಿಂದ ಕತ್ತಿ ಬೀಸುವುದು ಅವನಿಗೆ ಕಷ್ಟವಾಗಿತ್ತು. ಕೆಲವೇ ನಿಮಿಷಗಳ ಆ ದಾಳಿಯಲ್ಲಿ ದಳದ 21 ಮಂದಿ ಸತ್ತರು, ನೂರಕ್ಕೂ ಹೆಚ್ಚು ಕುದುರೆಗಳು ಸತ್ತವು ಇಲ್ಲವೇ ಗಾಯಗೊಂಡವು. ಭರ್ಜಿಯ ಕಾಲ ಮುಗಿಯುತ್ತಾ ಬಂದಿತ್ತು.

ಮೈಸೂರಿನ ರಾವುತರು

ಮುಗಿಯುವ ಮೊದಲು ಮೈಸೂರಿನವರು ಅದಕ್ಕೆ ಒಂದು ದೊಡ್ಡ ಪುಟ ಸೇರಿಸಿದರು. ಮೊದಲ ಮಹಾಯುದ್ಧದ ಕೊನೆಗೆ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನಲ್ಲಿರುವ ಹೈಫಾ ಬಂದರನ್ನು ತುರ್ಕಿ ಮತ್ತು ಜರ್ಮನ್ ಸೈನ್ಯದಿಂದ ಬಿಡಿಸಿದವರಲ್ಲಿ ಜೋಧಪುರ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ ಪ್ರಮುಖರು. ಎದುರಿಗೆ ಮೆಷಿನ್ ಗನ್ನುಗಳು, ಬೆಟ್ಟದ ಮೇಲೆ ಫಿರಂಗಿಗಳು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಫಿರಂಗಿಗಳತ್ತ ನುಗ್ಗಿತು. ಜೋಧಪುರದವರು ಪಟ್ಟಣದತ್ತ ಕುದುರೆ ಬಿಟ್ಟರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯ ಹೊತ್ತಿಗೆ 1,350 ಸೆರೆಯಾಳುಗಳು, 17 ಫಿರಂಗಿಗಳು, 11 ಮೆಷಿನ್ ಗನ್ನುಗಳು ಕೈವಶವಾಗಿದ್ದವು. ಈ ಕಡೆ ಸತ್ತ ಸೈನಿಕರು 8, ಸತ್ತ ಕುದುರೆಗಳು 60.

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಭರ್ಜಿ ಹಿಡಿದು ನಿಂತ ಮೂರು ಮೂರ್ತಿಗಳು ಜೋಧಪುರ, ಮೈಸೂರು, ಹೈದರಾಬಾದಿನ ಸವಾರರವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ. ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ಸ್ತಂಭವಿದೆ. ದಿನವೂ ಅದರ ಪಕ್ಕದಲ್ಲಿ ಹಾದುಹೋಗುವ ಎಷ್ಟು ಮಂದಿ ಅದು ಏನೆಂದು ನಿಂತು ನೋಡುತ್ತಾರೋ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವದಳಗಳು ಒಂದಾದಾಗ ಮೈಸೂರಿನವರೂ ಜೈಪುರದ 61ನೆಯ ಅಶ್ವದಳದೊಳಗೆ ಸೇರಿಹೋದರು.

ಈ ಪರಂಪರೆಯಿಂದ ಉಳಿದ ಆಟವೇ ಟೆಂಟ್ ಪೆಗ್ಗಿಂಗ್. ನೆಲದಲ್ಲಿ ನೆಟ್ಟ ಮರದ ಗೂಟವನ್ನು ನಾಗಾಲೋಟದಲ್ಲಿ ಬಂದು ಭರ್ಜಿಯ ಮೊನೆಯಿಂದ ಚುಚ್ಚಿ ಕಿತ್ತೊಯ್ಯಬೇಕು. ಗೂಟದ ಅಗಲ 6 ಸೆಂಟಿಮೀಟರ್, ಸ್ಪರ್ಧೆ ಬಿಗಿಯಾದಂತೆ ಅದು 4ಕ್ಕೆ, ಕೊನೆಗೆ 2.5 ಸೆಂಟಿಮೀಟರಿಗೆ ಇಳಿಯುತ್ತದೆ. ಗೂಟವನ್ನು ಕೊನೆಯ ಗೆರೆಯವರೆಗೆ ಒಯ್ದರೆ 6 ಅಂಕ, ಕಿತ್ತು ನಡುವೆ ಬೀಳಿಸಿದರೆ 4, ಬರೀ ತಾಗಿದರೆ 2. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವ ಕುದುರೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಕೈಯನ್ನು ಅರೆಕ್ಷಣ ತಡವಾಗಿ ತಿರುಗಿಸಿದರೂ ಗೂಟ ತಪ್ಪಿತು. ಚುಚ್ಚಿದ ಮೇಲೆ ತೋಳನ್ನು ಬಿಗಿ ಹಿಡಿದರೆ ಭುಜಕ್ಕೆ ಪೆಟ್ಟು. ನುರಿತ ಸವಾರ ಭರ್ಜಿಯನ್ನು ಹಿಂದಕ್ಕೆ ತೂಗಿಬಿಟ್ಟು, ಮತ್ತೆ ಮೇಲೆತ್ತಿ ಗೂಟವನ್ನು ಗಾಳಿಯಲ್ಲಿ ಮೆರೆಸುತ್ತಾನೆ. ವೇಗವಾಗಿ ಬಂದ ಕ್ರಿಕೆಟ್ ಚೆಂಡನ್ನು ಕೈ ಹಿಂದೆಳೆದುಕೊಂಡು ಹಿಡಿಯುವ ಹುಡುಗನಿಗೆ ಇದರ ತತ್ವ ಆಗಲೇ ಗೊತ್ತಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆ ಇತ್ತು, ಭಾರತದ ರೂಪಿಂದರ್ ಸಿಂಗ್ ಬ್ರಾರ್ ಚಿನ್ನದ ಪದಕ ಗೆದ್ದರು.

ಕನ್ನಡಿಗರು ಇದನ್ನು ನೋಡುವುದು ಹೆಚ್ಚಾಗಿ ಮೈಸೂರಿನಲ್ಲಿ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪೊಲೀಸ್ ಅಶ್ವದಳದ ಸವಾರರು ಉರಿಯುವ ಗೂಟಗಳನ್ನು ಭರ್ಜಿಯಿಂದ ಎತ್ತಿಕೊಂಡು ಕತ್ತಲಲ್ಲಿ ಬೆಳಕಿನ ಗೆರೆ ಎಳೆದು ಹೋಗುವಾಗ ಇಡೀ ಮೈದಾನ ಉಸಿರು ಬಿಗಿಹಿಡಿಯುತ್ತದೆ.

ಈ ಆಟದ ಹುಟ್ಟಿನ ಬಗ್ಗೆಯೂ ಬೆಂದಕಾಳಿನಂಥ ಕತೆಗಳಿವೆ. ನಸುಕಿನಲ್ಲಿ ಶತ್ರುವಿನ ಪಾಳೆಯಕ್ಕೆ ನುಗ್ಗಿ ಡೇರೆಯ ಗೂಟಗಳನ್ನು ಕಿತ್ತರೆ, ಮಲಗಿದವರ ಮೇಲೆ ಡೇರೆ ಕುಸಿಯುತ್ತಿತ್ತು ಎಂಬುದು ಒಂದು. ಯುದ್ಧದ ಆನೆಯ ಕಾಲುಗುರಿನ ಬುಡಕ್ಕೆ ಭರ್ಜಿ ಚುಚ್ಚುವ ಅಭ್ಯಾಸಕ್ಕೆ ಇದು ಬಂತು ಎಂಬುದು ಇನ್ನೊಂದು. ಗಟ್ಟಿಯಾದ ಲಿಖಿತ ಆಧಾರ ಸಿಗುವುದು ಹತ್ತೊಂಬತ್ತನೆಯ ಶತಮಾನದ ಸೈನ್ಯದ ಆಟಗಳ ವರದಿಗಳಿಂದ. ಕತೆಗೆ ವಯಸ್ಸು ಹೆಚ್ಚಿಸಿದರೆ ಆಟಕ್ಕೆ ಗೌರವ ಹೆಚ್ಚುತ್ತದೆ ಎಂಬ ಭ್ರಮೆ ನಮ್ಮಲ್ಲೂ ಇದೆ, ಹೊರಗೂ ಇದೆ.

ಪೀಣ್ಯದ ಲೇತು, ಹಳೆಯ ಉಕ್ಕು

ಇನ್ನು ಪಶ್ಚಿಮಕ್ಕೆ ಪೀಣ್ಯ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಕಬ್ಬಿಣದ ಪುಡಿ, ಎಣ್ಣೆಯ ವಾಸನೆ, ಲೇತು ತಿರುಗುವ ಸದ್ದು. ಇಲ್ಲಿನ ಯಾವುದೇ ಕೆಲಸಗಾರನ ಮುಂದೆ ಹಳೆಯ ಭರ್ಜಿಯ ಮೊನೆಯೊಂದನ್ನಿಟ್ಟು ಇದರಂಥದೇ ಮಾಡಿಕೊಡು ಎಂದರೆ ಅವನು ಮೊದಲು ಕೇಳುವುದು ಡ್ರಾಯಿಂಗ್, ಆಮೇಲೆ ಯಾವ ಗ್ರೇಡಿನ ಉಕ್ಕು ಎಂದು. ಆ ಎರಡನೆಯ ಪ್ರಶ್ನೆಯಲ್ಲೇ ಅಸಲಿ ನಕಲಿಯ ಗುಟ್ಟಿದೆ.

ಹಳೆಯ ಕಾಲದ ಕಬ್ಬಿಣ ಕುಲುಮೆಯಲ್ಲಿ ಪೂರ್ತಿ ಕರಗದೆ ಮುದ್ದೆಯಾಗಿ ಬರುತ್ತಿತ್ತು. ಅದರೊಳಗೆ ಕಿಟ್ಟದ ಎಳೆಗಳು ಉಳಿಯುತ್ತಿದ್ದವು, ಇಂಗಾಲದ ಅಂಶ ಒಂದೊಂದು ಕಡೆ ಒಂದೊಂದು ತರ. ಇಂದಿನ ಉಕ್ಕು ಎಲ್ಲ ಕಡೆಯೂ ಒಂದೇ ಸಮ. ಹಾಗಾಗಿ ಅಳತೆ, ಆಕಾರ, ತೂಕ ಎಲ್ಲ ಹೊಂದಿದರೂ ಇಂದಿನ ಕವಚ ಹಳೆಯದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಅದನ್ನು ತೊಟ್ಟವನು ಹಳೆಯ ಯೋಧ ಎದುರಿಸಿದ ಅಪಾಯವನ್ನು ಪೂರ್ತಿ ಎದುರಿಸುತ್ತಿಲ್ಲ. ಇದಕ್ಕೆ ಒಂದು ವಿನಾಯಿತಿ ನಮ್ಮ ದಕ್ಷಿಣದಲ್ಲೇ ಇತ್ತು. ಮೂಸೆಯಲ್ಲಿ ಮುಚ್ಚಿ ಕಾಯಿಸಿ ತಯಾರಿಸುತ್ತಿದ್ದ ಇಲ್ಲಿನ ಉಕ್ಕು ಅರಬ್ಬರ ನಾಡಿನವರೆಗೆ ಹೋಗುತ್ತಿತ್ತು. ಇಂಗ್ಲಿಷರು ಅದನ್ನು ಕರೆದ 'ವೂಟ್ಸ್' ಎಂಬ ಹೆಸರು ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಬಂದಿರಬೇಕೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಇಂದು ವಿದೇಶದ ಸಿನಿಮಾಗಳಿಗೂ ಮಧ್ಯಯುಗದ ಆಟ ಆಡುವವರಿಗೂ ಬೇಕಾದ ಕತ್ತಿ, ಶಿರಸ್ತ್ರಾಣಗಳ ಪ್ರತಿಕೃತಿಗಳನ್ನು ಡೆಹ್ರಾಡೂನ್‌ನಂಥ ಊರುಗಳಲ್ಲಿ ತಯಾರಿಸಿ ಕಳಿಸುವವರೂ ಭಾರತೀಯರೇ.

ಹಾಗೆಂದು ಈ ಮರುಸೃಷ್ಟಿ ವ್ಯರ್ಥವಲ್ಲ. 1962ರಲ್ಲಿ ಲಿನ್ ವೈಟ್ ಎಂಬ ಅಮೆರಿಕನ್ ಇತಿಹಾಸಕಾರ, ಕಾಲಿಡುವ ರಿಕಾಪು ಬಂದದ್ದರಿಂದಲೇ ಯುರೋಪಿನಲ್ಲಿ ಭರ್ಜಿಯ ಕಾಳಗ ಸಾಧ್ಯವಾಯಿತು, ಅದರಿಂದಲೇ ಅಲ್ಲಿನ ಸಮಾಜವೂ ಬದಲಾಯಿತು ಎಂದು ವಾದಿಸಿದ. ಮರುವರ್ಷವೇ ಬೇರೆ ಇತಿಹಾಸಕಾರರು ಆಧಾರ ಸಾಲದೆಂದು ಪ್ರಶ್ನಿಸಿದರು. ಸವಾರನನ್ನು ಹಿಂದಕ್ಕೆ ಬೀಳದಂತೆ ಹಿಡಿಯುವುದು ರಿಕಾಪಿಗಿಂತ ಹೆಚ್ಚಾಗಿ ಜೀನಿನ ಹಿಂಬದಿಯ ಎತ್ತರದ ಆಸರೆ ಎಂಬ ವಾದವೂ ಬಂತು. ಪುಸ್ತಕದಲ್ಲಿ ಮುಗಿಯದ ಇಂಥ ಚರ್ಚೆಗೆ ಕುದುರೆಯೇರಿ ಹೊಡೆದು ನೋಡಿದವರ ಅನುಭವ ಸಹಾಯಕ್ಕೆ ಬರುತ್ತದೆ. ಪ್ರಯೋಗಶಾಲೆಯ ಪ್ರಯೋಗವೂ ನಿಸರ್ಗದ ನಕಲೇ ತಾನೆ? ನಕಲು ಎಂದು ಒಪ್ಪಿಕೊಂಡು, ಯಾವ ಅಂಶ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಬರೆದಿಟ್ಟರೆ ಅದರಿಂದ ಕಲಿಯಬಹುದು. ನಕಲನ್ನೇ ಅಸಲಿ ಎಂದು ಮಾರಿದಾಗ ಮಾತ್ರ ತೊಂದರೆ.

ಕಲ್ಲು ಉಳಿದರೆ ಪ್ರಶ್ನೆ ಉಳಿದೀತು

ಈಗ ಮಕ್ಕಳ ಪ್ರಶ್ನೆಗೆ ಮರಳಬಹುದು. ವೀರಗಲ್ಲಿನಲ್ಲಿ ಕೆತ್ತಿದ ಹಾಗೆಯೇ ಯುದ್ಧ ಮಾಡುತ್ತಿದ್ದರೆ? ಬಹುತೇಕ ವೀರಗಲ್ಲುಗಳಿಗೆ ಒಂದು ಕ್ರಮವಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಕೆತ್ತಿದ ಶಿಲ್ಪಿ ರಣರಂಗದಲ್ಲಿ ನಿಂತು ನೋಡಿ ಕೆತ್ತಿದವನಲ್ಲ, ತನ್ನ ಕಾಲದ ಪದ್ಧತಿಯಂತೆ ಕೆತ್ತಿದ. ಆದ್ದರಿಂದ ಚಿತ್ರವೂ ಒಂದು ರೀತಿಯ ಮರುಸೃಷ್ಟಿಯೇ. ಆದರೆ ಅದರ ಜೊತೆಗಿರುವ ಹೆಸರು, ಊರು, ಸತ್ತ ಕಾರಣ, ಕೊಟ್ಟ ಭೂಮಿಯ ವಿವರ ಇವು ಮತ್ತೆ ಸೃಷ್ಟಿಸಲಾಗದವು. ಕಲ್ಲು ಹೋದರೆ ಅವೂ ಹೋದವು.

ಹೋಗುತ್ತಲೂ ಇವೆ. ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದಾಗ ಇವೆಲ್ಲ ಹೊಲ, ಕೆರೆಯ ಏರಿ, ಗುಡಿಯ ಅಂಗಳದಲ್ಲಿದ್ದವು. ಅದೇ ಹೊಲಗಳು ಆಮೇಲೆ ಬಡಾವಣೆ, ಕಾರ್ಖಾನೆ, ಐ.ಟಿ. ಪಾರ್ಕುಗಳಾದವು. ಕೆಲವು ಕಲ್ಲುಗಳು ಅಡಿಪಾಯದಲ್ಲಿ ಸೇರಿದವು, ಕೆಲವು ಚರಂಡಿಯ ಚಪ್ಪಡಿಯಾದವು. ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯ ಎಂಬ ವೀರನ ಕಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂತು. ಊರವರೂ ಆಸಕ್ತರೂ ಕೂಡಿ ಅದಕ್ಕೆ ನೆರಳು ಕಲ್ಪಿಸಿದರು. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ದಾಖಲಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಕಂಪ್ಯೂಟರಿನ ಪರದೆಯ ಮೇಲೆ ಓದಲು ಬರುತ್ತವೆ. ಅದೂ ನಕಲೇ. ಆದರೆ ಅಳತೆ ತಪ್ಪದ, ತಾನು ನಕಲೆಂದು ಹೇಳಿಕೊಳ್ಳುವ ನಕಲು.

ಮುಂದಿನ ವಿಜಯದಶಮಿಗೆ ಬನ್ನಿಮಂಟಪದಲ್ಲಿ ಕೂತು ಚಪ್ಪಾಳೆ ತಟ್ಟುವ ಮಕ್ಕಳಿಗೆ ತಂದೆತಾಯಂದಿರು ಎರಡು ಮಾತು ಹೇಳಬಹುದು. ಆ ಸವಾರನ ಕೌಶಲ ಪೂರ್ತಿ ನಿಜ, ವೇಗ ನಿಜ, ಬಿದ್ದರೆ ಆಗುವ ಗಾಯವೂ ನಿಜ. ಶತ್ರು ಮಾತ್ರ ಅಲ್ಲಿಲ್ಲ, ಇಲ್ಲದಿರುವುದೇ ಒಳ್ಳೆಯದು. ಇನ್ನು ಕುದುರೆಗಂತೂ ಯುದ್ಧ ಯಾವುದು, ಆಟ ಯಾವುದು ಎಂದು ತಿಳಿಯದು. ಬೆನ್ನ ಮೇಲಿನ ಭಾರ, ಬಾಯಲ್ಲಿನ ಕಡಿವಾಣ ಅದಕ್ಕೆ ಹೈಫಾದಲ್ಲೂ ಒಂದೇ, ಮೈಸೂರಿನಲ್ಲೂ ಒಂದೇ. ಆಟ ಎಷ್ಟು ಅಸಲಿ ಎಂದು ವಾದಿಸುವವರು ಆ ಪ್ರಾಣಿಯ ಮೈಮೇಲೆ ಗಾಯವಿದೆಯೇ ಎಂದು ಮೊದಲು ನೋಡಲಿ.

ಹಾಗೆಯೇ ವೈಟ್‌ಫೀಲ್ಡಿನ ಯಾವುದೋ ಅಡ್ಡರಸ್ತೆಯಲ್ಲೋ, ಪೀಣ್ಯದ ಕಾರ್ಖಾನೆಯ ಕಾಂಪೌಂಡಿನ ಪಕ್ಕದಲ್ಲೋ ಕುದುರೆ, ಭರ್ಜಿ, ಕತ್ತಿಯ ಗುರುತಿರುವ ಚಪ್ಪಡಿಯೊಂದು ಮಕ್ಕಳ ಕಣ್ಣಿಗೆ ಬಿದ್ದರೆ, ಅದಕ್ಕೆ ಸುಣ್ಣ ಬಳಿಯದೆ, ಅಲುಗಿಸದೆ, ಒಂದು ಫೋಟೊ ತೆಗೆದು ಶಾಲೆಯ ಮೇಷ್ಟರಿಗೋ ಪುರಾತತ್ವ ಇಲಾಖೆಗೋ ತಿಳಿಸಲಿ. ಬೇಗೂರಿನ ಕಲ್ಲು ಇದ್ದದ್ದರಿಂದಲೇ ಬೆಂಗಳೂರಿನ ನಿಜವಾದ ವಯಸ್ಸು ಗೊತ್ತಾಯಿತು. ಇನ್ನೂ ಯಾವ ಯಾವ ಊರಿನ ವಯಸ್ಸು ಯಾವ ಚರಂಡಿಯ ಚಪ್ಪಡಿಯ ಕೆಳಮೈಯಲ್ಲಿದೆಯೋ, ಬಲ್ಲವರಾರು?